ಅಥಣಿಯ ಪಾದರಕ್ಷೆಯೂ ಜಪಾನಿನ ಮಗ್ಗವೂ

ಕಳೆದ ಶ್ರಾವಣದ ಒಂದು ಸೋಮವಾರ ಪೂಜೆ ಮುಗಿಸಿ ಪಡಸಾಲೆಗೆ ಬರುವಷ್ಟರಲ್ಲಿ ರಾಯಬಾಗ ತಾಲೂಕಿನ ತಂದೆ ಮಗ ಇಬ್ಬರು ಬಂದು ಕುಳಿತಿದ್ದರು. ತಂದೆ ನನಗೆ ನಾಲ್ವತ್ತು ವರ್ಷಗಳ ಪರಿಚಿತರು. ಎಂಟು ಎಕರೆ ಕಬ್ಬು, ಊರ ಹೊರಗೊಂದು ಬೆಲ್ಲದ ಗಾಣ ಉಳ್ಳ ಸಂಭಾವಿತ ಗೃಹಸ್ಥರು. ಮಗ ಬಿ.ಕಾಂ. ಓದಿ, ನೌಕರಿಯ ಬೆನ್ನು ಹತ್ತದೆ ಗಾಣವನ್ನೇ ಬೆಳೆಸುತ್ತೇನೆಂದು ಹೊರಟವನು. ಕುಶಲ ಪ್ರಶ್ನೆ ಮುಗಿಯುವ ಮೊದಲೇ ಆತ ಚೀಲದಿಂದ ಒಂದು ಬೆಲ್ಲದ ಪೆಂಟೆಯನ್ನು ತೆಗೆದು ನನ್ನ ಮುಂದಿಟ್ಟ. ಕಪ್ಪಿಟ್ಟು, ಮೈಯೆಲ್ಲ ಬೆವರಿ, ಕೆಳಗೆ ಹಾಸಿದ ಕಾಗದವನ್ನು ಅದು ನೆನೆಸುತ್ತಲಿತ್ತು.

“ಅಜ್ಜಾರ, ಇಂಥಾವು ಗೋದಾಮಿನ್ಯಾಗ ಇನ್ನೂರು ಕ್ವಿಂಟಲ್ ಅದಾವ್ರಿ” ಎಂದರು ತಂದೆ. “ವ್ಯಾಪಾರಿ ಮುಟ್ಟೂದಿಲ್ಲ ಅಂತಾನ. ಹೊಲದ ಮ್ಯಾಲ ಸಾಲ ತಗದೇವಿ. ನೀವು ಮಠದಾಗ ಓದಿದವ್ರು. ಇವಂಗ ನಾಕ್ ಬುದ್ಧಿಮಾತ ಹೇಳ್ರಿ.”

ವ್ಯಾಕರಣ, ಷಟ್‌ಸ್ಥಲ, ವಚನಗಳ ಅರ್ಥ ಇವುಗಳನ್ನು ಕೇಳಿದ್ದರೆ ಏನಾದರೂ ಹೇಳಬಹುದಾಗಿತ್ತು. ವ್ಯಾಪಾರದ ವಿಷಯದಲ್ಲಿ ಶಾಸ್ತ್ರಿಯಾದವನ ಬುದ್ಧಿಮಾತಿಗೆ ಎಷ್ಟು ಬೆಲೆ? ಆದರೆ ಹೊಲದ ಪತ್ರ ಒತ್ತೆಯಿಟ್ಟ ಮನೆಯವರನ್ನು ಬರಿಗೈಯಲ್ಲಿ ಕಳುಹಿಸಲು ಮನಸ್ಸು ಒಪ್ಪಲಿಲ್ಲ. ಎರಡು ದಿನ ಕಾಲಾವಕಾಶ ಕೇಳಿದೆ. ಆ ಎರಡು ದಿನ ಎರಡು ತಿಂಗಳಾಯಿತು. ಪುಸ್ತಕಗಳನ್ನು ತರಿಸಿದೆ, ಅಥಣಿಗೆ ಹೋಗಿ ಬಂದೆ, ತಿಳಿದವರೊಂದಿಗೆ ಚರ್ಚಿಸಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ನಮ್ಮ ಮಕ್ಕಳು ಸಾಲ ಮಾಡಿ ಸಣ್ಣಪುಟ್ಟ ಉದ್ಯಮಗಳನ್ನು ಹೂಡುತ್ತಿರುವ ಕಾಲ ಇದಾದ್ದರಿಂದ, ನನಗೆ ತಿಳಿದುಬಂದುದನ್ನು ವಾಚಕರ ಮುಂದೆಯೂ ಇಡುವುದು ಉಚಿತವೆಂದು ಭಾವಿಸಿದ್ದೇನೆ.

ಉದ್ಯಮಶಾಸ್ತ್ರದವರು ‘ಲೀನ್’ ಎಂಬ ಒಂದು ಶಬ್ದವನ್ನು ಬಳಸುತ್ತಾರೆ. ಕೃಶ, ಬೊಜ್ಜಿಲ್ಲದ, ಗರಡಿಯ ಪಟುವಿನಂಥ ಮೈಕಟ್ಟು ಎಂದು ಅದರ ಅರ್ಥ. 1988ರಲ್ಲಿ ಜಾನ್ ಕ್ರಾಫ್ಸಿಕ್ ಎಂಬ ಅಮೆರಿಕದ ಸಂಶೋಧಕನು ಜಪಾನಿನ ಟೊಯೋಟಾ ಕಂಪನಿಯ ಕಾರ್ಯಪದ್ಧತಿಗೆ ಈ ಹೆಸರನ್ನಿಟ್ಟನು. 1990ರಲ್ಲಿ ವೊಮ್ಯಾಕ್, ಜೋನ್ಸ್, ರೂಸ್ ಎಂಬ ಮೂವರು ಬರೆದ ಗ್ರಂಥದಿಂದ ಅದು ಜಗತ್ತಿಗೆಲ್ಲ ಪರಿಚಯವಾಯಿತು. ಹೆಸರು ಅಮೆರಿಕದವರದು, ಪದ್ಧತಿ ಜಪಾನಿನದು. ಅದರ ಮೂಲವಾದರೋ ಮೋಟಾರು ಗಾಡಿಯಲ್ಲಿಲ್ಲ, ಕೈಮಗ್ಗದಲ್ಲಿದೆ ಎಂಬುದನ್ನು ತಿಳಿದಾಗ ನನಗೆ ಆಶ್ಚರ್ಯವೂ ಸಂತೋಷವೂ ಆಯಿತು.

1867ರಲ್ಲಿ ಹುಟ್ಟಿದ ಸಾಕಿಚಿ ಟೊಯೋಡಾ ಒಬ್ಬ ಬಡಿಗನ ಮಗ. ಮನೆಯಲ್ಲಿ ತಾಯಿ ನೇಯುತ್ತಿದ್ದ ಕಷ್ಟವನ್ನು ಕಂಡು ಮರದ ಕೈಮಗ್ಗವನ್ನು ಸುಧಾರಿಸಲು ತೊಡಗಿದ ಆತನು 1891ರಲ್ಲಿ ತನ್ನ ಮೊದಲ ಪೇಟೆಂಟ್ ಪಡೆದನು. 1924ರ ಹೊತ್ತಿಗೆ ಆತ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗಕ್ಕೆ ಒಂದು ವಿಶೇಷ ಗುಣವಿತ್ತು: ಒಂದು ಎಳೆ ಹರಿದರೆ ಮಗ್ಗ ತಾನಾಗಿ ನಿಲ್ಲುತ್ತಿತ್ತು. ಇದರ ಮಹತ್ವವನ್ನು ನೇಕಾರಿಕೆ ಬಲ್ಲ ಮನೆಗಳವರು ಕೂಡಲೇ ಗ್ರಹಿಸುವರು. ಎಳೆ ಹರಿದದ್ದು ತಿಳಿಯದೆ ಮಗ್ಗ ಓಡುತ್ತಲೇ ಇದ್ದರೆ ಗಜಗಟ್ಟಲೆ ಬಟ್ಟೆ ಹಾಳು. ಹಾಗೆ ಹಾಳಾಗದಿರಲೆಂದು ಮಗ್ಗಕ್ಕೊಬ್ಬರು ಕಣ್ಣಿಟ್ಟು ನಿಲ್ಲಬೇಕು. ತಪ್ಪಾದ ಕ್ಷಣದಲ್ಲಿ ಯಂತ್ರವೇ ನಿಂತರೆ ಒಬ್ಬ ಹೆಣ್ಣುಮಗಳು ಮೂವತ್ತು ಮಗ್ಗಗಳನ್ನು ನೋಡಿಕೊಳ್ಳಬಲ್ಲಳು. 1929ರಲ್ಲಿ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕನ್ನು ಕೊಂಡಿತು. ಜಗತ್ತಿಗೆಲ್ಲ ನೇಯ್ಗೆಯಂತ್ರ ಮಾರಿದ ದೇಶ ಜಪಾನಿನ ಬಡಿಗನ ಮಗನಿಂದ ಮಗ್ಗದ ಹಕ್ಕನ್ನು ಕೊಳ್ಳುವಂತಾಯಿತು! ಆ ಹಣವೇ ಮುಂದೆ ಮೋಟಾರಿನ ಪ್ರಯೋಗಗಳಿಗೆ ಬೀಜಧನವಾಯಿತೆಂದು ಹೇಳುತ್ತಾರೆ. ಸಾಕಿಚಿಯ ಮಗ ಕಿಇಚಿರೋ 1937ರಲ್ಲಿ ಮೋಟಾರು ಕಂಪನಿಯನ್ನು ಸ್ಥಾಪಿಸಿದನು.

ಎರಡನೆಯ ಮಹಾಯುದ್ಧದ ತರುವಾಯ ಜಪಾನಿನಲ್ಲಿ ಹಣವಿಲ್ಲ, ಕಬ್ಬಿಣವಿಲ್ಲ, ಸಾಮಾನು ಕೂಡಿಡಲು ಸ್ಥಳವೂ ಇಲ್ಲ. ಆ ಬಡತನದಲ್ಲಿ ತಾಯಿಚಿ ಓಹ್ನೋ ಎಂಬ ತಂತ್ರಜ್ಞ ತನ್ನ ಪದ್ಧತಿಯನ್ನು ಕಟ್ಟಿದನು. ಆತನೂ ಮೊದಲು ಟೊಯೋಡಾ ಮನೆತನದ ನೂಲು–ನೇಯ್ಗೆಯ ಗಿರಣಿಯಲ್ಲಿದ್ದವನೇ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಗಿರಾಕಿ ಹಲಗೆಯಿಂದ ಎತ್ತಿಕೊಂಡಷ್ಟನ್ನೇ ಅಂಗಡಿಯವರು ಮತ್ತೆ ತುಂಬುತ್ತಾರೆಂಬುದು ಆತನ ಗಮನ ಸೆಳೆಯಿತು. ಕಾರ್ಖಾನೆಯೂ ಹಾಗೇಕೆ ನಡೆಯಬಾರದು? ಮುಂದಿನ ಕೆಲಸದವನು ಒಂದು ಚೀಟಿ ಕಳಿಸಬೇಕು. ಆ ಚೀಟಿ ಬಂದರೆ ಮಾತ್ರ ಹಿಂದಿನವನು ಅಷ್ಟನ್ನೇ ಮಾಡಬೇಕು. ಚೀಟಿ ಬಾರದಿದ್ದರೆ ಕೈಕಟ್ಟಿ ಕುಳಿತರೂ ಚಿಂತೆಯಿಲ್ಲ, ಹೆಚ್ಚು ಮಾಡಬಾರದು. ಈ ಚೀಟಿಗೆ ಅವರು ‘ಕಾನ್‌ಬಾನ್’ ಎನ್ನುತ್ತಾರೆ. ವ್ಯರ್ಥವಾದದ್ದೆಲ್ಲಕ್ಕೂ ‘ಮುದಾ’ ಎಂಬ ಹೆಸರು. ಓಹ್ನೋ ಏಳು ಬಗೆಯ ಮುದಾಗಳನ್ನು ಎಣಿಸಿದ್ದಾನೆ. ಕಾಯುವುದು, ಸಾಮಾನನ್ನು ಅತ್ತಿಂದಿತ್ತ ಸಾಗಿಸುವುದು, ಕೆಟ್ಟ ಮಾಲು, ಕೂಡಿಟ್ಟ ದಾಸ್ತಾನು ಇವೆಲ್ಲ ಆ ಪಟ್ಟಿಯಲ್ಲಿವೆ. ಎಲ್ಲಕ್ಕೂ ಹಿರಿಯ ಪಾಪ ಯಾವುದೆಂದರೆ ಬೇಕಾದುದಕ್ಕಿಂತ ಹೆಚ್ಚು ತಯಾರಿಸುವುದು. ಉಳಿದ ಆರೂ ಅದರ ಮಕ್ಕಳು.

ಇದನ್ನು ಓದುತ್ತಿದ್ದಾಗ ನನಗೆ ಬಾಲ್ಯದ ಒಂದು ನೆನಪು ಒದಗಿ ಬಂತು.

ನಾನು ಮಠದಲ್ಲಿ ವಟುವಾಗಿದ್ದಾಗ ದಾಸೋಹದ ಅಡುಗೆಯನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜನವರಿದ್ದರು. ಅಕ್ಷರ ಬಲ್ಲವರಲ್ಲ. ಬಾಗಿಲ ಬಳಿ ಹುಣಸೆಬೀಜದ ಬುಟ್ಟಿಯೊಂದನ್ನಿಟ್ಟು ನಮ್ಮಂಥ ಹುಡುಗರಲ್ಲಿ ಒಬ್ಬನನ್ನು ಕೂರಿಸುತ್ತಿದ್ದರು. ಹತ್ತು ಜನ ಭಕ್ತರು ಒಳಗೆ ಬಂದರೆ ಒಂದು ಬೀಜ ಅಡುಗೆಮನೆಗೆ ಹೋಗಬೇಕು. ಒಂದು ಬೀಜಕ್ಕೆ ಒಂದು ಸೇರು ಅಕ್ಕಿ ಒಲೆಗೆ ಏರಬೇಕು. ದೊಡ್ಡ ಕೊಪ್ಪರಿಗೆ ಇದ್ದರೂ ಅವರು ಚಿಕ್ಕ ಪಾತ್ರೆಗಳಲ್ಲಿಯೇ ಅನ್ನ ಮಾಡಿಸುತ್ತಿದ್ದರು. ಸೋಮಾರಿಗಳಾದ ನಾವು “ಒಮ್ಮೆಗೇ ಮಾಡಿಬಿಟ್ಟರೆ ಹಗುರಲ್ಲೇನ್ರಿ?” ಎಂದು ಕೇಳುತ್ತಿದ್ದೆವು. ಒಂದು ಜಾತ್ರೆಯಲ್ಲಿ ಅವರು ಜ್ವರದಿಂದ ಮಲಗಿದ್ದಾಗ ನಾವು ಹಾಗೆಯೇ ಮಾಡಿದೆವು. ದೊಡ್ಡ ಕೊಪ್ಪರಿಗೆಯ ಸಾರಿಗೆ ಇಬ್ಬರು ಪ್ರತ್ಯೇಕವಾಗಿ ಉಪ್ಪು ಹಾಕಿದರು. ಮುನ್ನೂರು ಜನರ ಸಾರು ನೆಲದ ಪಾಲಾಯಿತು, ಪಂಕ್ತಿಯಲ್ಲಿ ಕುಳಿತವರು ಒಂದು ತಾಸು ಕಾದರು. ಅಜ್ಜನವರು ಕಂಬಳಿ ಹೊದ್ದು ಎದ್ದು ಬಂದು ಯಾರನ್ನೂ ಬೈಯಲಿಲ್ಲ. ಉಪ್ಪು ಹಾಕಿದವನು ಪಾತ್ರೆಯ ಕಿವಿಗೆ ಒಂದು ದಾರ ಕಟ್ಟಬೇಕೆಂದು ಅಂದಿನಿಂದ ನಿಯಮ ಮಾಡಿದರು. ದಾರ ಕಂಡರೆ ಯಾರೂ ಉಪ್ಪಿನ ಗಡಿಗೆಯನ್ನು ಮುಟ್ಟುವಂತಿಲ್ಲ.

ಟೊಯೋಟಾದಲ್ಲಿ ಕೆಲಸ ಮಾಡಿದ ಶಿಗೆಓ ಶಿಂಗೋ ಎಂಬ ಪಂಡಿತ ಇದಕ್ಕೆ ‘ಪೋಕಾ–ಯೋಕೆ’ ಎಂದು ಹೆಸರಿಟ್ಟಿದ್ದಾನೆ: ಮನುಷ್ಯ ಮರೆತರೂ ತಪ್ಪು ನಡೆಯದಂತೆ ಕೆಲಸದಲ್ಲಿಯೇ ಒಂದು ತಡೆಯನ್ನಿಡುವುದು. ಹುಣಸೆಬೀಜ ಅವರ ಚೀಟಿ, ದಾರ ಅವರ ಪೋಕಾ–ಯೋಕೆ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದ ಶರಣಬಂಧುಗಳಿಲ್ಲ. ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಕೆ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳದೆ, ಮರಳಿ ಅಲ್ಲಿಯೇ ಸುರಿದು ಬರಲು ಕಳಿಸಿದಳು. ಲಕ್ಕಮ್ಮನದು ಆಧ್ಯಾತ್ಮದ ನಿಲುವು, ಓಹ್ನೋನದು ಕಾರ್ಖಾನೆಯ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಹೇಳಿ ತೃಪ್ತಿಪಡುವವರ ಸಾಲಿನಲ್ಲಿ ನಿಲ್ಲಲು ನನಗೆ ಇಷ್ಟವಿಲ್ಲ. ಇದ್ದದ್ದು ನಿಜವಾದರೆ ಆ ಇನ್ನೂರು ಕ್ವಿಂಟಲ್ ಬೆಲ್ಲ ಬೆವರುತ್ತಿರಲಿಲ್ಲ.

ಜಪಾನಿನ ಈ ವಿದ್ಯೆ ಕರ್ನಾಟಕಕ್ಕೆ ಬಂದ ದಾರಿಯಲ್ಲಿ ನಮ್ಮ ಬೆಳಗಾವಿಯ ಪಾಲೂ ಇದೆ. ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಮುಂದೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣದಿಂದ ಭೂಮಿಗೆ ವಿಷವಾಗುವುದೆಂದು ರೈತರು ಹೆದರಿ ಕೊಳ್ಳಲಿಲ್ಲ. ಅವರು ಎದೆಗುಂದದೆ ನೇಗಿಲನ್ನು ತಿದ್ದಿದರು, ಕಾದರು. ಬೆಳಗಾವಿಯಲ್ಲಿ ಸ್ಥಳ ಬಿಡಬೇಕಾಗಿ ಬಂದಾಗ ಔಂಧ ಸಂಸ್ಥಾನದ ರಾಜರ ಆಶ್ರಯದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಮನೆತನದವರೇ 1997ರಲ್ಲಿ ಟೊಯೋಟಾದೊಡನೆ ಕೂಡಿ ಬಿಡದಿಯಲ್ಲಿ ಕಾರ್ಖಾನೆ ಸ್ಥಾಪಿಸಿದ್ದು. 2007ರಲ್ಲಿ ಅಲ್ಲಿಯೇ ಆರಂಭವಾದ ತಾಂತ್ರಿಕ ತರಬೇತಿ ಸಂಸ್ಥೆಯಲ್ಲಿ ನಮ್ಮ ಹಳ್ಳಿಗಳ ಬಡ ಮಕ್ಕಳಿಗೂ ಈ ಶಿಸ್ತು ಕಲಿಯಲು ಅವಕಾಶವಾಯಿತು.

ದೊಡ್ಡ ಕಾರ್ಖಾನೆಗಳ ಮಾತು ಅಷ್ಟಕ್ಕೆ ಇರಲಿ. ಕೈಕಸುಬಿಗೆ ಇದು ಒಗ್ಗುವುದೇ ಎಂಬುದು ನನ್ನ ಸಂಶಯವಾಗಿತ್ತು. ಅದರ ಪರಿಹಾರಕ್ಕಾಗಿ ಅಥಣಿಗೆ ಹೋದೆ.

ಕೊಲ್ಲಾಪುರಿ ಚಪ್ಪಲಿ ಎಂದು ಜಗತ್ತು ಕರೆಯುವ ಪಾದರಕ್ಷೆಯಲ್ಲಿ ಬಹುಪಾಲು ನಮ್ಮ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯ ಸಮಗಾರ ಬಂಧುಗಳ ಕೈಯಿಂದಲೇ ಹೊರಬರುತ್ತದೆ ಎಂಬುದು ಕೊಲ್ಲಾಪುರದ ಅಂಗಡಿಯಲ್ಲಿ ಕೊಳ್ಳುವ ನಮ್ಮವರಿಗೇ ತಿಳಿದಿರುವುದಿಲ್ಲ. ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಕೂಡಿಯೇ ಇದರ ಭೌಗೋಳಿಕ ಸೂಚಕ ಮಾನ್ಯತೆ 2019ರ ಹೊತ್ತಿಗೆ ದೊರೆಯಿತು. ನಮ್ಮ ಪಾಲಿನವು ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹರಳಯ್ಯ ಶರಣರು ಹಾಗೂ ಕಲ್ಯಾಣಮ್ಮನವರು ತಮ್ಮ ತೊಡೆಯ ಚರ್ಮದಿಂದ ಅಣ್ಣನವರಿಗೆ ಮೆಟ್ಟು ಮಾಡಿದ ಕಥೆಯನ್ನು ಪುರಾಣದಲ್ಲಿ ಕೇಳಿ ಕಣ್ಣೀರು ಸುರಿಸುವ ನಾವು, ಆ ಕಾಯಕದವರ ಓಣಿಗೆ ಎಷ್ಟು ಸಲ ಕಾಲಿಟ್ಟಿದ್ದೇವೆ? ನಾನೂ ಅರವತ್ತು ದಾಟಿದ ಮೇಲೆಯೇ ಹೋದವನು, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಈ ಕಸುಬಿನ ವಿವರ ತುಸು ಅರಿಯಬೇಕು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ ಕೂದಲು ತೆಗೆದು, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಕಷಾಯದಲ್ಲಿ ಹದಮಾಡುವುದು ಸಂಪ್ರದಾಯ. ಚೀಲದಂತೆ ಹೊಲಿದ ತೊಗಲಿನೊಳಗೆ ತೊಗಟೆಯನ್ನೂ ನೀರನ್ನೂ ತುಂಬಿ ತೂಗುಹಾಕುತ್ತಾರೆ. ತಿಂಗಳಿನಷ್ಟು ಕಾಲ ಹಿಡಿಯುತ್ತದೆ. ಅಟ್ಟೆಗೆ ಎಮ್ಮೆಯ ತೊಗಲು, ಮೇಲಿನ ಪಟ್ಟಿಗೆ ಹಾಗೂ ಹೆಣಿಗೆಗೆ ತೆಳು ತೊಗಲು. ಒಂದೂ ಮೊಳೆಯಿಲ್ಲ. ಗಂಡಸರು ರಂಪಿಗೆಯಿಂದ ಕತ್ತರಿಸಿ ಅಟ್ಟೆ ಹೊಲಿಯುವರು. ಜಡೆಯಂಥ ಹೆಣಿಗೆ, ತೂತಿನ ಚಿತ್ತಾರ, ಉಂಗುಟದ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಕಾಪಶಿ, ಕಚ್ಕಡಿ, ಬಕ್ಕಲನಾಳಿ, ಪುಕರಿ ಎಂದು ಒಂದೊಂದು ಬಗೆಗೆ ಒಂದೊಂದು ಹೆಸರು. ಅಥಣಿ ಎಂಬುದೂ ಒಂದು ಬಗೆಯ ಹೆಸರೇ.

ನಾನು ಕುಳಿತ ಮನೆಯ ಹಿರಿಯರಿಗೆ ಎಪ್ಪತ್ತರ ಹತ್ತಿರ. ಕಲ್ಲಿನ ಮುಂದೆ ಕುಳಿತರೆ ರಂಪಿಗೆ ಬಲಕ್ಕೆ, ಆರಿ ಅದರ ಪಕ್ಕಕ್ಕೆ, ನೀರಿನ ಬೋಗುಣಿ ಎಡಕ್ಕೆ. ಕಣ್ಣು ಮುಚ್ಚಿದರೂ ಕೈ ತಪ್ಪುವುದಿಲ್ಲ. ಪ್ರತಿ ಉಪಕರಣಕ್ಕೆ ನಿಶ್ಚಿತ ಸ್ಥಾನವಿರಬೇಕೆಂದು ಜಪಾನಿನವರು ‘ಐದು ಎಸ್’ ಎಂಬ ನಿಯಮಗಳನ್ನು ಗೋಡೆಗೆ ಬರೆಯುತ್ತಾರೆ. ಇವರಿಗೆ ಗೋಡೆಯ ಬರಹ ಬೇಕಿಲ್ಲ. ಆದರೆ ಅವರ ಹಿಂದೆ ಮೂಲೆಯಲ್ಲಿ ಅಟ್ಟೆಗಳ ರಾಶಿ ಎದೆಯೆತ್ತರಕ್ಕೆ ಬಿದ್ದಿತ್ತು. ಇಷ್ಟೊಂದು ಅಟ್ಟೆಯನ್ನು ಒಮ್ಮೆಗೇ ಏಕೆ ಕತ್ತರಿಸಿದಿರಿ ಎಂದು ಕೇಳಿದೆ.

“ತೊಗಲು ಉದ್ರೀಲೆ ಬರತೈತ್ರಿ ಅಪ್ಪಾರ. ಕಟ್ಟಿಗೆ ಕಟ್ಟು ಕೊಡ್ತಾರ. ಲಗೂ ಕತ್ತರಿಸಿ ಮುಗಿಸಿದ್ರ ಮುಂದಿನ ಉದ್ರಿ. ಮಳೀ ಹಿಡದ್ರ ಬೂಸರ ಬರತೈತಿ, ಮತ್ತ ಯಾಂವ ತಗೋತಾನ?”

ಒಳಗೆ ಹೆಣಿಗೆ ಮಾಡುತ್ತಿದ್ದ ಸೊಸೆ ತಲೆಯೆತ್ತಿದಳು. “ಮಾವಾರ ಹಂಗ ಮಾಡತಾರ್ರಿ. ನಾವು ಸಂಘದ ಆರ್ಡರಿಗೆ ಹಂಗ ಮಾಡಂಗಿಲ್ಲ. ಮೊದಲ ಒಂದ ಜೋಡ ಪೂರಾ ಮುಗಸ್ತೀವಿ. ನಾನ ಮೆಟ್ಟಿ ಅಂಗಳದಾಗ ಹತ್ ಸಲ ಅಡ್ಡಾಡತೇನಿ. ಕಚ್ಚಲಿಲ್ಲಾ ಅಂದ್ರ ಉಳದವು.”

ಏಕೆ ಹಾಗೆಂದು ವಿಚಾರಿಸಲು ಆಕೆಯೇ ವಿವರಿಸಿದಳು. ಹಿಂದೊಮ್ಮೆ ನಲವತ್ತು ಜೋಡಿಯ ಪಟ್ಟಿಗಳಿಗೆಲ್ಲ ಮೊದಲೇ ತೂತು ಹೊಡೆದು ಇಟ್ಟರು. ಹೊಲಿಯಲು ಕುಳಿತಾಗ ತೂತು ಅರ್ಧ ಬೆರಳು ಜರುಗಿದ್ದು ತಿಳಿಯಿತು. ನಲವತ್ತೂ ವ್ಯರ್ಥ. ಒಂದು ಜೋಡಿಯನ್ನು ಕೊನೆಯವರೆಗೆ ಮುಗಿಸಿದ್ದರೆ ಒಂದೇ ಕೆಡುತ್ತಿತ್ತು. ಸಾಕಿಚಿಯ ಮಗ್ಗ ಎಳೆ ಹರಿದಾಗ ನಿಂತಂತೆ ಈ ಹೆಣ್ಣುಮಗಳು ಮೊದಲ ಜೋಡಿಯ ಬಳಿ ನಿಲ್ಲುತ್ತಾಳೆ. ಅವಳಿಗೆ ಟೊಯೋಟಾದ ಹೆಸರು ಕೂಡ ಕೇಳಿಕೆಯಿಂದ ಮಾತ್ರ ಗೊತ್ತು, ಅದೂ ಯಾರದೋ ಮದುವೆಯ ಗಾಡಿಯಿಂದ.

ಸಂಘ ಎಂದು ಆಕೆ ಹೇಳಿದ ಮಾತಿಗೆ ಅಥಣಿಯಲ್ಲಿ ಒಂದು ಹಿನ್ನೆಲೆಯಿದೆ. 1990ರ ದಶಕದ ಕೊನೆಯಲ್ಲಿ ಮಧುರಾ ಛತ್ರಪತಿಯವರ ನೇತೃತ್ವದ ‘ಅಸೆಂಟ್’ ಎಂಬ ಬೆಂಗಳೂರಿನ ಸಂಸ್ಥೆ ಇಲ್ಲಿಗೆ ಬಂದು ಕುಶಲಕರ್ಮಿ ಮಹಿಳೆಯರ ಸ್ವಸಹಾಯ ಗುಂಪುಗಳನ್ನು ಕಟ್ಟಿತು. ಅವುಗಳಿಂದ ‘ಟೋಹೋಲ್ಡ್’ ಎಂಬ ಒಕ್ಕೂಟ ಬೆಳೆದು, ಅಥಣಿಯ ಚಪ್ಪಲಿ ತನ್ನದೇ ಹೆಸರಿನಿಂದ ಹೊರದೇಶಗಳಿಗೆ ಹೋಗುವಂತಾಯಿತು. ಅಲ್ಲಿಯವರೆಗೆ ಲೆಕ್ಕಕ್ಕೆ ಬಾರದಿದ್ದ ಹೆಣ್ಣುಮಕ್ಕಳ ಹೆಣಿಗೆಗೆ ಕೂಲಿಯೂ ಮಾನವೂ ಬಂತೆಂಬುದೇ ಇದರಲ್ಲಿ ನನಗೆ ದೊಡ್ಡದಾಗಿ ಕಂಡದ್ದು. ಹೊರದೇಶದ ಗಿರಾಕಿ ಒಂದು ಅಳತೆ ಹೇಳಿದರೆ ಆ ಅಳತೆಯ ನೂರು ಜೋಡಿಯೂ ಒಂದೇ ತೆರನಾಗಿರಬೇಕು. ಗೇಣು, ಬೊಟ್ಟುಗಳ ಲೆಕ್ಕ ಅಲ್ಲಿ ನಡೆಯದು.

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಎಂಬ ಪ್ರಸಿದ್ಧ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿಗಳನ್ನು ತೋರಿಸಿ, ಮೂಲದ ಹೆಸರನ್ನೇ ಹೇಳದೆ ಹೋದದ್ದು, ಆಮೇಲೆ ಎದ್ದ ಕೂಗಿಗೆ ಭಾರತದ ಕುಶಲಕರ್ಮಿಗಳ ಪ್ರೇರಣೆಯನ್ನು ಒಪ್ಪಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿದೆ. ಆ ವರ್ಷದ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ನಿಗಮಗಳೊಂದಿಗೆ ಒಪ್ಪಂದವಾಗಿ, ಎರಡೂ ರಾಜ್ಯಗಳಲ್ಲಿ 2000 ಜೋಡಿ ಮಾಡಿಸುವುದೆಂದೂ ಜೋಡಿಯೊಂದರ ಬೆಲೆ ಸುಮಾರು 800 ಯೂರೋ ಎಂದೂ ಪ್ರಕಟವಾಯಿತು. ಸಂತೋಷದ ಸುದ್ದಿ. ಆದರೆ 2000 ಜೋಡಿಯಲ್ಲಿ ಒಂದು ಜೋಡಿಯ ಹೊಲಿಗೆ ಬಿಟ್ಟರೂ ಅಂಥ ಗಿರಾಕಿ ಎರಡನೆಯ ಸಲ ಬರಲಾರ. ಅದರ ಯೋಗ್ಯತೆ ನಿರ್ಣಯವಾಗುವುದು ಅಥಣಿಯ ಆ ಅಂಗಳದಲ್ಲಿ, ಹತ್ತು ಸಲ ಅಡ್ಡಾಡುವ ಆ ಹೆಣ್ಣುಮಗಳ ಕಾಲಿನಲ್ಲಿ.

ಅಲ್ಲಿಂದ ಮರಳುವಾಗ ಆ ಅಟ್ಟೆಗಳ ರಾಶಿಯೇ ಕಣ್ಣ ಮುಂದಿತ್ತು. ಹಿರಿಯರು ಅಜ್ಞಾನದಿಂದ ರಾಶಿ ಹಾಕಿದವರಲ್ಲ. ತೊಗಲು ಕಟ್ಟಿನ ಲೆಕ್ಕದಲ್ಲಿ ಉದ್ರಿ ಬರುತ್ತದೆ; ಅಂಗಡಿಕಾರ ಮಾಲನ್ನು ತನ್ನಲ್ಲಿ ಇಟ್ಟುಕೊಳ್ಳದೆ, ಬೇಕಾದಾಗ ಒಯ್ದು, ಹಣವನ್ನು ದೀಪಾವಳಿಗೋ ಯುಗಾದಿಗೋ ಕೊಡುತ್ತಾನೆ. ಅಂಗಡಿಕಾರನ ಉದ್ಯಮ ಬೊಜ್ಜಿಲ್ಲದ್ದಾಯಿತು, ನಿಜ. ಆದರೆ ಬೊಜ್ಜು ಕರಗಲಿಲ್ಲ, ಬಡವನ ಗುಡಿಸಲಿನ ಮೂಲೆಗೆ ಸ್ಥಳಾಂತರವಾಯಿತು. ಪೇಟೆಯಲ್ಲಿ ಅಂಗಡಿಗಳಿರುವ ನಮ್ಮ ಸಮಾಜದ ಗೃಹಸ್ಥರು ಈ ಮಾತಿಗೆ ನನ್ನ ಮೇಲೆ ಕೋಪಿಸಿಕೊಳ್ಳಬಹುದು. ಕೋಪಿಸಿಕೊಳ್ಳಲಿ, ಮಾಲು ಕೈಗೆ ಬಂದ ದಿನವೇ ಹಣ ಕೊಡಲಿ. ಹಣ ಅಂದೇ ಬಂದರೆ ಹಿರಿಯರು ತೊಗಲನ್ನು ಬೇಕಾದಷ್ಟೇ ನಗದಿಗೆ ಕೊಳ್ಳುವರು, ಬೇಕಾದಷ್ಟೇ ಕತ್ತರಿಸುವರು, ಅಂಗಡಿಗೂ ಒಳ್ಳೆಯ ಜೋಡಿ ಬರುವುದು. ಕೊಡುವವನ ಮೇಲೆ ಭಾರ ಹೇರಿ ಪಡೆದ ಲಾಭಕ್ಕೆ ಈ ಪದ್ಧತಿಯ ಹೆಸರನ್ನಿಡುವುದು ಅನ್ಯಾಯ.

ಜಪಾನಿನ ಪದ್ಧತಿಯನ್ನು ದೇವರ ಮಾತೆಂದು ತಲೆಯ ಮೇಲೆ ಹೊರಬೇಕೆಂದೂ ನಾನು ಹೇಳುವುದಿಲ್ಲ. ಬಿಡದಿಯ ಕಾರ್ಖಾನೆಯಲ್ಲಿಯೇ 2020ರ ನವೆಂಬರಿನಲ್ಲಿ ದೊಡ್ಡ ವಿವಾದವಾಯಿತು. ಕೆಲಸದ ಒತ್ತಡ ಮೀರಿದೆಯೆಂದು ಕಾರ್ಮಿಕರು, ಶಿಸ್ತು ತಪ್ಪಿದೆಯೆಂದು ಆಡಳಿತದವರು, ಬೀಗಮುದ್ರೆಯವರೆಗೆ ಹೋಯಿತು. ಕೆಲಸದಲ್ಲಿಯ ವ್ಯರ್ಥವನ್ನು ತೆಗೆಯುವುದು ಬೇರೆ, ಮನುಷ್ಯನ ಉಸಿರನ್ನು ತೆಗೆಯುವುದು ಬೇರೆ. ಎರಡರ ನಡುವಿನ ಗೆರೆ ಕಾಣದಿದ್ದರೆ ಯಾವ ಪದ್ಧತಿಯೂ ನಿಲ್ಲದು. ದಾಸ್ತಾನೆಲ್ಲ ಪಾಪವೆಂಬ ಮಾತಿಗೂ ಮಿತಿಯಿದೆ. 2011ರ ಭೂಕಂಪದಲ್ಲಿ ಬಿಡಿಭಾಗಗಳು ಬಾರದೆ ಪೆಟ್ಟು ತಿಂದ ಮೇಲೆ ಟೊಯೋಟಾದವರೇ ಕೆಲವು ಮುಖ್ಯ ಸಾಮಾನುಗಳನ್ನು ತಿಂಗಳುಗಟ್ಟಲೆಗೆ ಕೂಡಿಡುವ ಏರ್ಪಾಡು ಮಾಡಿಸಿದರು. ನಮ್ಮ ಹಿರಿಯರು ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ತುಂಬಿಟ್ಟರಲ್ಲವೇ? ಜೋಳವನ್ನು ಇಡಬಹುದು. ಬೆಲ್ಲವನ್ನು ಮಳೆಗಾಲದಲ್ಲಿ ಇಡಲಾಗದು.

ಈಗ ಬೆಲ್ಲಕ್ಕೆ ಬರುತ್ತೇನೆ. ತಪ್ಪು ಕಂಡಲ್ಲಿ ‘ಏಕೆ’ ಎಂದು ಐದು ಸಲ ಕೇಳಬೇಕೆಂಬುದು ಟೊಯೋಟಾದವರ ಒಂದು ರೂಢಿ. ದಸರೆಯ ಮುಂಚೆ ಆ ತಂದೆ ಮಗ ಮತ್ತೆ ಬಂದಾಗ ನಾನು ಬುದ್ಧಿಮಾತು ಹೇಳಲಿಲ್ಲ, ಹುಡುಗನನ್ನು ಇದನ್ನೇ ಕೇಳಿದೆ. ಬೆಲ್ಲ ಏಕೆ ಕೆಟ್ಟಿತು? ಮಳೆಗಾಲದ ತೇವ ಹೀರಿತು. ಮಳೆಗಾಲದವರೆಗೆ ಏಕೆ ಉಳಿಯಿತು? ಕೇಳಿದವರಿಗಿಂತ ಹೆಚ್ಚು ಮಾಡಿದೆವು, ದರ ಏರೀತೆಂದು ಕಾದೆವು. ಏಕೆ ಹೆಚ್ಚು ಮಾಡಿದಿರಿ? ಕಬ್ಬು ಕಡಿದು ಬಿದ್ದಿತ್ತು, ಅರೆಯದೆ ವಿಧಿಯಿರಲಿಲ್ಲ. ಅಷ್ಟೊಂದು ಕಬ್ಬನ್ನು ಒಮ್ಮೆಗೇ ಏಕೆ ಕಡಿಸಿದಿರಿ? ಇಲ್ಲಿ ಆತ ತಡೆದು ತಂದೆಯ ಮುಖ ನೋಡಿದ.

“ಗಾಣದ ಮಂದಿಗೆ ಕೊಪ್ಪರಿಗಿ ಲೆಕ್ಕದಾಗ ಪಗಾರ್ರಿ ಅಜ್ಜಾರ” ಎಂದರು ತಂದೆ. “ಎಷ್ಟ್ ಪಾಕ ಇಳಸ್ತಾರೋ ಅಷ್ಟ್ ರೊಕ್ಕ. ಕಬ್ಬು ಖಾಲಿ ಆಗಬಾರದು ಅಂತ ಅವ್ರ ಗದ್ಲ ಮಾಡತಿದ್ರು.”

ಹಾಗೇಕೆ ಲೆಕ್ಕ ಹಾಕಿದಿರಿ ಎಂಬ ಐದನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಅವರ ತಂದೆಯ ಕಾಲದಿಂದಲೂ ಹಾಗೆಯೇ ನಡೆದಿತ್ತು. ಬೆಲ್ಲ ಕೆಟ್ಟದ್ದು ಗೋದಾಮಿನಲ್ಲಿ ಅಲ್ಲ, ಪಗಾರದ ಪುಸ್ತಕದಲ್ಲಿ.

ಕಡಿದ ಕಬ್ಬು ಬಿಸಿಲಿಗೆ ಬಿದ್ದಷ್ಟು ಹೊತ್ತು ತೂಕವೂ ಇಳಿಯುತ್ತದೆ, ಸಕ್ಕರೆಯ ಅಂಶವೂ ಒಡೆಯುತ್ತದೆ. ಒಂದು ದಿನದೊಳಗೆ ಅರೆಯುವುದು ಉತ್ತಮ. ಹಳಸಿದ ಕಬ್ಬಿನ ಹಾಲಿನಿಂದ ಬೆಲ್ಲ ಗಟ್ಟಿಯಾಗದು, ಬಣ್ಣವೂ ಬಾರದು. ಬಣ್ಣಕ್ಕೆಂದು ಹೈಡ್ರೋಸ್ ಸುರಿಯುತ್ತಾರೆ. ಹೀಗೆ ಒಂದು ತಪ್ಪನ್ನು ಮುಚ್ಚಲು ಇನ್ನೊಂದು. ತಾಜಾ ಕಬ್ಬಿಗೆ ಬೆಂಡೆಗಿಡದ ಲೋಳೆ, ಹದವಾದ ಸುಣ್ಣ ಸಾಕು. ಒಂದು ಟನ್ ಕಬ್ಬಿಗೆ ನೂರು ಕಿಲೋ ಆಸುಪಾಸು ಬೆಲ್ಲ ಇಳಿಯುವ ಲೆಕ್ಕದಲ್ಲಿ ಎರಡು ದಿನ ಕಾದ ಕಬ್ಬು ಎಷ್ಟು ಕಸಿಯುತ್ತದೆ ಎಂಬುದನ್ನು ಅಳೆದು ನೋಡೆಂದು ಹುಡುಗನಿಗೆ ಹೇಳಿದೆ. ಆತ ಅಳೆದ. ನನಗಿಂತ ಅವನಿಗೇ ಅದರಿಂದ ಹೆಚ್ಚು ಆಘಾತವಾಯಿತೆಂದು ತೋರುತ್ತದೆ.

ಈ ಹಂಗಾಮಿನಲ್ಲಿ ಅವರ ಗಾಣ ಬೇರೆ ರೀತಿಯಲ್ಲಿ ನಡೆದಿದೆ. ಪಗಾರ ದಿನದ ಲೆಕ್ಕಕ್ಕೆ ಬಂದಿದೆ, ವಾರದಲ್ಲಿ ಒಂದೂ ಪೆಂಟೆ ಮರಳಿ ಬಾರದಿದ್ದರೆ ಮೇಲೆ ಇಷ್ಟು ಎಂದು. ಸಂಜೆ ಬಂದ ಬೇಡಿಕೆಯನ್ನು ನೋಡಿ ಮರುದಿನದ ಕಬ್ಬು ಕಡಿಸುತ್ತಾರೆ. ಐದು ಕಿಲೋ ಪೆಂಟೆಗಳ ಬದಲು ಒಂದು ಕಿಲೋ ಅಚ್ಚು; ಪ್ರತಿಯೊಂದರ ಮೇಲೆ ಇಳಿಸಿದ ದಿನಾಂಕ. ನಿಪ್ಪಾಣಿಯ, ಚಿಕ್ಕೋಡಿಯ ಕೆಲವು ಅಂಗಡಿಗಳು, ಎರಡು ವಸತಿನಿಲಯಗಳು, ಅಷ್ಟೇ ಗಿರಾಕಿ. ವ್ಯಾಪಾರ ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚು. ಮೊದಲ ತಿಂಗಳಲ್ಲಿ ಇಬ್ಬರು ಕೆಲಸಗಾರರು ಬಿಟ್ಟು ಹೋದರು. ಹೊಸ ಲೆಕ್ಕ ಅವರಿಗೆ ಒಪ್ಪಿಗೆಯಾಗಲಿಲ್ಲ, ಅದಕ್ಕೆ ಅವರನ್ನು ದೂರಲೂ ಬಾರದು. ಕೆಟ್ಟ ಇನ್ನೂರು ಕ್ವಿಂಟಲಿನಲ್ಲಿ ಬಹುಭಾಗ ದನದ ಮೇವಿಗೆ ಮಾರಿ ಹೋಯಿತು. ಸಾಲ ಮೂರರಲ್ಲಿ ಒಂದು ಪಾಲು ತೀರಿದೆ, ಎರಡು ಪಾಲು ಇನ್ನೂ ಇದೆ. ಹೊಲದ ಪತ್ರ ಮನೆಗೆ ಬಂದಿಲ್ಲ.

ಕಳೆದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಗಾಣಕ್ಕೆ ಹೋಗಿದ್ದೆ. ಕೊಪ್ಪರಿಗೆಯ ಬದಿಯ ಕಂಬಕ್ಕೆ ಹಗ್ಗ ಕಟ್ಟಿ ಮೂರು ಅಚ್ಚು ಬೆಲ್ಲ ತೂಗುಹಾಕಿದ್ದರು. ದೃಷ್ಟಿಗೋ ಎಂದು ಕೇಳಿದೆ. ಹುಡುಗ ನಕ್ಕ. ಚಿಕ್ಕೋಡಿಯ ಅಂಗಡಿಯಿಂದ ಮೆತ್ತಗಾದವೆಂದು ಮರಳಿ ಬಂದವಂತೆ. ದಿನಾಂಕ ನೋಡಿ ಅಂದಿನ ಪಾಕ ಹಿಡಿದವರನ್ನು ಕರೆದು ಕೇಳಿದಾಗ, ತಣ್ಣೀರಿನಲ್ಲಿ ಪಾಕ ಬಿಟ್ಟು ನೋಡುವ ಬಟ್ಟಲು ಆ ದಿನ ಒಡೆದಿತ್ತೆಂದು ತಿಳಿಯಿತು. ಈಗ ಅಲ್ಲಿ ಎರಡು ಬಟ್ಟಲುಗಳಿವೆ.